‘ಗುಂಪಿಗೆ ಸೇರಿ’ ಅಂದರೆ ಯಾವ ಗುಂಪಿಗೆ?

ಖಿನ್ನತೆಯಿಂದ ಬಳಲುವವರಿಗೆ, ಕುಡಿತ ಬಿಡಲು ಹೆಣಗುತ್ತಿರುವವರಿಗೆ, ಮನೆಯವರನ್ನು ಕಳೆದುಕೊಂಡು ಕಂಗಾಲಾದವರಿಗೆ ‘ಯಾವುದಾದರೂ ಗುಂಪಿಗೆ ಸೇರಿಕೊಳ್ಳಿ’ ಅನ್ನುವವರು ಈಗ ಹೆಚ್ಚಾಗಿದ್ದಾರೆ. ಸಲಹೆ ಒಳ್ಳೆಯದೇ, ಆದರೆ ಅರ್ಧಕ್ಕೇ ನಿಂತುಬಿಡುತ್ತದೆ. ಯಾವ ಬಗೆಯ ಗುಂಪು, ಅದನ್ನು ನಡೆಸುವವರು ಯಾರು, ಒಳಗೆ ಏನಾಗುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಚಿಕಿತ್ಸೆ ಬೇಕಿದ್ದವರು ಬರೀ ಕಷ್ಟಸುಖ ಹಂಚಿಕೊಳ್ಳುವ ಕೂಟದಲ್ಲಿ ಹೋಗಿ ಕೂರುತ್ತಾರೆ. ತನ್ನಂಥವರನ್ನು ಕಂಡರೆ ಸಾಕು ಎಂದಿದ್ದವರು ಪಟ್ಟಾಗಿ ನಡೆಯುವ ಚಿಕಿತ್ಸೆಯೊಳಗೆ ಸಿಕ್ಕಿಕೊಳ್ಳುತ್ತಾರೆ. ಇಬ್ಬರೂ ಎರಡೇ ವಾರಕ್ಕೆ ಎದ್ದು ಬಂದು ‘ಗುಂಪು ನಮಗೆ ಆಗಿಬರುವುದಿಲ್ಲ’ ಅಂದುಬಿಡುತ್ತಾರೆ. ಇದು ನಿಜಕ್ಕೂ ನೋವಿನ ಸಂಗತಿ. ಅವರಿಗೆ ಆಗಿಬರದೇ ಹೋದದ್ದು ಆ ಒಂದು ಗುಂಪು, ಅಷ್ಟೇ.

ಮೊದಲು ಬೆಂಬಲ ಗುಂಪು, ಅಂದರೆ ಸಪೋರ್ಟ್ ಗ್ರೂಪ್. ಒಂದೇ ಬಗೆಯ ಕಷ್ಟ ಅನುಭವಿಸಿದವರು ಸೇರುವ ಜಾಗ ಇದು. ನಡೆಸುವವರು ಬಹುಪಾಲು ಅದೇ ಕಷ್ಟ ದಾಟಿ ಬಂದವರು. ಕೆಲವೆಡೆ ಸಮಾಜ ಕಾರ್ಯಕರ್ತರೋ ಆಪ್ತಸಮಾಲೋಚಕರೋ ಇರುತ್ತಾರೆ. ಇಲ್ಲಿ ಯಾರೂ ನಿಮ್ಮ ಕಾಯಿಲೆ ಪತ್ತೆ ಹಚ್ಚುವುದಿಲ್ಲ, ಗುಣಪಡಿಸುತ್ತೇವೆ ಅನ್ನುವುದಿಲ್ಲ. ಬೇಕೆನಿಸಿದ ವಾರ ಬರಬಹುದು, ಬೇಡವೆನಿಸಿದರೆ ಇಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರೂ ಬಾಬ್ ಸ್ಮಿತ್ ಎಂಬ ಸರ್ಜನ್ನರೂ ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹೀಗೆ. ಕುಡಿಯುವವರ ಮನೆಯವರಿಗೂ ಜಾಗ ಬೇಕೆಂದು 1951ರಲ್ಲಿ ಅಲ್-ಅನಾನ್ ಬಂತು. ಮನೆಯವರ ಗುಂಪು ಬೇರೆ, ರೋಗಿಯ ಗುಂಪು ಬೇರೆ ಎಂಬುದನ್ನು ನೆನಪಿಡಿ. ಗಂಡನ ಕುಡಿತದಿಂದ ಬೇಸತ್ತ ಹೆಂಡತಿಗೆ ತನ್ನ ಸಿಟ್ಟನ್ನು ಅವನೆದುರೇ ಪೂರ್ತಿ ಹೇಳಿಕೊಳ್ಳಲಾಗದು. ಅವನಿಗೂ ಅವಳೆದುರು ಎಲ್ಲವನ್ನೂ ಬಿಚ್ಚಿಡಲಾಗದು.

ಗುಂಪು ಚಿಕಿತ್ಸೆಯ ಕ್ರಮವೇ ಬೇರೆ. ಇದು ಚಿಕಿತ್ಸೆ. ತರಬೇತಿ ಪಡೆದ ಥೆರಪಿಸ್ಟ್ ಒಬ್ಬರೋ ಇಬ್ಬರೋ ನಡೆಸುತ್ತಾರೆ. ಸೇರುವವರನ್ನು ಮೊದಲೇ ಮಾತನಾಡಿಸಿ ಆರಿಸುತ್ತಾರೆ. ಸಾಮಾನ್ಯವಾಗಿ ಐದರಿಂದ ಹತ್ತು ಜನ, ವಾರಕ್ಕೊಮ್ಮೆ, ಒಂದೂವರೆ ಗಂಟೆ. ಇದರ ಚರಿತ್ರೆ ಶುರುವಾಗುವುದೇ ಮನೋರೋಗದಿಂದಲ್ಲ, ಕ್ಷಯದಿಂದ. 1905ರಲ್ಲಿ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರ್ಯಾಟ್ ಬಡ ಕ್ಷಯರೋಗಿಗಳನ್ನು ಒಟ್ಟಿಗೆ ಕೂರಿಸಿ ವಿಶ್ರಾಂತಿ, ಗಾಳಿ, ಶುಚಿತ್ವದ ಪಾಠ ಹೇಳತೊಡಗಿದರು. ಪಾಠದಷ್ಟೇ ಆ ಒಟ್ಟಿಗೆ ಕೂರುವುದೂ ರೋಗಿಗಳಲ್ಲಿ ಧೈರ್ಯ ತುಂಬುತ್ತದೆ ಎಂಬುದು ಅವರಿಗೆ ಅಲ್ಲೇ ಕಂಡಿತು.

ಗುಂಪು ಚಿಕಿತ್ಸೆಯಲ್ಲೂ ಎರಡು ದಾರಿಗಳಿವೆ. ಒಂದು, ಕೌಶಲ ಕಲಿಸುವ ಗುಂಪು. ಇದು ತರಗತಿಯ ಹಾಗೆ ನಡೆಯುತ್ತದೆ: ಕರಪತ್ರ, ಅಭ್ಯಾಸ, ಹೋಂವರ್ಕ್ ಎಲ್ಲ ಇರುತ್ತದೆ. ಖಿನ್ನತೆ ಮರುಕಳಿಸದಂತೆ ತಡೆಯುವ ಮೈಂಡ್‌ಫುಲ್‌ನೆಸ್ (ಈ ಕ್ಷಣಕ್ಕೆ ಗಮನ ಕೊಡುವ ಅಭ್ಯಾಸ) ಆಧಾರಿತ ಚಿಕಿತ್ಸೆ ಎಂಟು ವಾರದ್ದು. ತೀವ್ರ ಭಾವನೆಗಳನ್ನು ನಿಭಾಯಿಸಲಾಗದವರಿಗೆಂದು ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನೆಹಾನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಚಿಕಿತ್ಸೆಯ ಕೌಶಲ ಗುಂಪು ಒಂದು ಸುತ್ತಿಗೆ ಸುಮಾರು 24 ವಾರ ಹಿಡಿಯುತ್ತದೆ. ಸಂಕಟವನ್ನು ತಾಳಿಕೊಳ್ಳುವುದು, ಭಾವನೆಗಳನ್ನು ಹಿಡಿತಕ್ಕೆ ತರುವುದು, ಸಂಬಂಧಗಳಲ್ಲಿ ಬೇಕಾದ್ದನ್ನು ಕೇಳುವುದು, ಈ ಕ್ಷಣದಲ್ಲಿ ಇರುವುದು ಎಂಬ ನಾಲ್ಕು ಭಾಗ. ಜನರೆದುರು ಬಾಯಿ ತೆರೆಯಲು ಅಂಜುವವರು ಇಲ್ಲಿಂದ ಆರಂಭಿಸುವುದು ಸಲೀಸು. ಏಕೆಂದರೆ ಇಲ್ಲಿ ಬದುಕಿನ ಕತೆ ಹೇಳಲೇಬೇಕೆಂದಿಲ್ಲ.

ಇನ್ನೊಂದು, ಸದಸ್ಯರ ನಡುವಿನ ಒಡನಾಟವನ್ನೇ ಚಿಕಿತ್ಸೆಯ ಸಾಮಗ್ರಿಯಾಗಿಸುವ ಗುಂಪು. ಜನ ಹೆಚ್ಚು ತಪ್ಪು ತಿಳಿಯುವುದು ಇದನ್ನೇ. ಯಾರಾದರೂ ಸಿಟ್ಟಾದರೆ ನಿಮ್ಮ ಬಾಯಿ ಕಟ್ಟಿಹೋಗುತ್ತದೆ ಎಂದಿಟ್ಟುಕೊಳ್ಳಿ. ಥೆರಪಿಸ್ಟ್ ಒಬ್ಬರೇ ಎದುರಿಗಿದ್ದಾಗ ಅದನ್ನು ಬಾಯಿಮಾತಿನಲ್ಲಿ ಹೇಳಬಹುದು, ಅಷ್ಟೇ. ಗುಂಪಿನಲ್ಲಿ ಅದು ಎಲ್ಲರ ಕಣ್ಣೆದುರೇ ನಡೆದುಹೋಗುತ್ತದೆ. ಒಬ್ಬರು ದನಿ ಏರಿಸುತ್ತಾರೆ, ನೀವು ಮುದುಡಿಕೊಳ್ಳುತ್ತೀರಿ. ಥೆರಪಿಸ್ಟ್ ಅಲ್ಲೇ ಮಾತು ನಿಲ್ಲಿಸಿ ‘ಈಗ ಏನಾಯಿತು?’ ಎಂದು ಕೇಳುತ್ತಾರೆ. ದನಿ ಏರಿಸಿದವರು ‘ನಿಮ್ಮ ಮೇಲೆ ಸಿಟ್ಟಿರಲಿಲ್ಲ, ನನಗೇ ಭಯವಾಗಿತ್ತು’ ಅನ್ನಬಹುದು. ಮುಂದಿನ ಸಲ ನೀವು ಮುದುಡಿಕೊಳ್ಳುವ ಮುನ್ನ ಒಂದು ಮಾತು ಆಡಿ ನೋಡಬಹುದು. ಈ ಬಗೆಯ ಗುಂಪಿಗೆ ಆರು ತಿಂಗಳಿಂದ ಒಂದು ವರ್ಷವಾದರೂ ಬೇಕು. ಮನೋವೈದ್ಯ ಅರ್ವಿನ್ ಯಾಲೊಮ್ ಗುಂಪಿನಲ್ಲಿ ಗುಣ ತರುವ 11 ಅಂಶಗಳನ್ನು ಗುರುತಿಸಿದ್ದಾರೆ. ‘ಇದು ನನಗೊಬ್ಬನಿಗೇ ಅಲ್ಲ’ ಎಂಬ ಅರಿವು ಅವುಗಳಲ್ಲೊಂದು, ಮತ್ತೊಬ್ಬರಿಗೆ ನೆರವಾಗುವುದರಿಂದ ಸಿಗುವ ಬಲ ಇನ್ನೊಂದು. ಈ ಎರಡನ್ನೂ ಒಬ್ಬರೇ ಥೆರಪಿಸ್ಟ್ ಎದುರು ಪಡೆಯುವುದು ಕಷ್ಟ. ಅದಕ್ಕೇ ಗುಂಪು ಚಿಕಿತ್ಸೆಯನ್ನು ‘ಒಂಟಿ ಚಿಕಿತ್ಸೆ ಸಿಗದವರಿಗೆ’ ಎಂದು ಕೀಳಾಗಿ ಕಾಣುವುದನ್ನು ನಾನು ಒಪ್ಪುವುದಿಲ್ಲ. ಒಂದೇ ಚಿಕಿತ್ಸೆಯನ್ನು ಅಷ್ಟೇ ಅವಧಿ ಒಬ್ಬೊಬ್ಬರಿಗೆ ಕೊಟ್ಟು, ಗುಂಪಿಗೂ ಕೊಟ್ಟು ಹೋಲಿಸಿದ ಅಧ್ಯಯನಗಳಲ್ಲಿ ಒಟ್ಟಾರೆ ಫಲಿತಾಂಶ ಸರಿಸುಮಾರು ಒಂದೇ ಬಂದಿದೆ.

ಹುಡುಕುವುದು ಎಲ್ಲಿ? ನಿಮ್ಮ ಮನೋವೈದ್ಯರನ್ನೋ ಥೆರಪಿಸ್ಟ್‌ರನ್ನೋ ನೇರವಾಗಿ ಕೇಳಿ. ಎಷ್ಟೋ ಸಲ ನೀವು ಕೇಳುವವರೆಗೂ ಅವರು ಹೇಳುವುದಿಲ್ಲ. ಬೋಧನಾ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗ, ವ್ಯಸನಮುಕ್ತಿ ಕೇಂದ್ರ, ಕ್ಯಾನ್ಸರ್ ಆಸ್ಪತ್ರೆಯ ಸಮಾಜ ಕಾರ್ಯಕರ್ತರು, ವಿಶ್ವವಿದ್ಯಾಲಯದ ಸಮಾಲೋಚನಾ ಕೇಂದ್ರ, ಆಯಾ ಕಾಯಿಲೆಯ ರೋಗಿಗಳ ಮತ್ತು ಕುಟುಂಬದವರ ಸಂಘ, ಇವು ಒಳ್ಳೆಯ ದಾರಿಗಳು. ಹುಡುಕುವಾಗ ಬರೀ ‘ಮಾನಸಿಕ ಆರೋಗ್ಯ’ ಅನ್ನದೆ ನಿಮ್ಮ ಕಷ್ಟದ ಹೆಸರನ್ನೇ ಹಾಕಿ: ಗೀಳು ಕಾಯಿಲೆ, ಬೈಪೋಲಾರ್ (ಉನ್ಮಾದವೂ ಖಿನ್ನತೆಯೂ ಬಂದುಹೋಗುವ ಕಾಯಿಲೆ), ಬಾಣಂತನದ ಖಿನ್ನತೆ, ಆತ್ಮಹತ್ಯೆಯಲ್ಲಿ ಆಪ್ತರನ್ನು ಕಳೆದುಕೊಂಡವರು. ಈ ಕೊನೆಯವರಿಗೆ ಪ್ರತ್ಯೇಕ ಗುಂಪೇ ಇದ್ದರೆ ಮೇಲು. ‘ನಾನು ತಡೆಯಬಹುದಿತ್ತೇ’ ಎಂಬ ಪ್ರಶ್ನೆ ಅವರನ್ನು ಕೊರೆಯುವ ಬಗೆಯೇ ಬೇರೆ. ಸಾಮಾನ್ಯ ದುಃಖದ ಗುಂಪಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಲು ಹಿಂಜರಿದು ಸುಮ್ಮನಾಗಿಬಿಡುತ್ತಾರೆ.

ಗುಂಪು ಸಿಕ್ಕಿತು ಅನ್ನಿ. ಅವರು ನಿಮ್ಮನ್ನು ಆರಿಸುವ ಮುನ್ನ ನೀವು ಅವರನ್ನು ವಿಚಾರಿಸಿಕೊಳ್ಳಿ. ಫೋನಿನಲ್ಲೇ ಹತ್ತು ನಿಮಿಷ ಸಾಕು. ನಡೆಸುವವರು ಯಾರು, ಅವರ ತರಬೇತಿ ಏನು? ಇದು ಚಿಕಿತ್ಸೆಯೋ ಬೆಂಬಲವೋ? ಎಷ್ಟು ಜನ? ಮುಚ್ಚಿದ ಗುಂಪೋ, ನಡುವೆ ಹೊಸಬರು ಸೇರುತ್ತಾರೋ? ಎಷ್ಟು ವಾರ? ತಪ್ಪಿಸಿದ ವಾರಕ್ಕೂ ಶುಲ್ಕ ಉಂಟೋ? ಸಭೆಯ ನಡುವೆ ಯಾರಾದರೂ ತೀರಾ ಕುಸಿದರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಮುಖ್ಯ. ‘ಒಬ್ಬರು ಅವರ ಜೊತೆ ಹೊರಗೆ ಹೋಗುತ್ತೇವೆ, ಮನೆಯವರಿಗೆ ಕರೆ ಮಾಡುತ್ತೇವೆ, ಮರುದಿನ ವಿಚಾರಿಸುತ್ತೇವೆ’ ಎಂಬಂಥ ಗೊತ್ತಾದ ಕ್ರಮ ಇರಬೇಕು. ‘ಇಲ್ಲಿ ಹಾಗೆಲ್ಲ ಆಗುವುದಿಲ್ಲ’ ಎಂಬ ಉತ್ತರ ಬಂದರೆ ಬೇರೆ ಕಡೆ ನೋಡಿ.

ಗೌಪ್ಯತೆಯ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಥೆರಪಿಸ್ಟ್‌ಗೆ ವೃತ್ತಿಧರ್ಮದ ಕಟ್ಟುಪಾಡಿದೆ. ಜೀವಕ್ಕೆ ಅಪಾಯ, ಮಕ್ಕಳ ಮೇಲಿನ ದೌರ್ಜನ್ಯದಂಥ ಸಂದರ್ಭ ಬಿಟ್ಟರೆ ಅವರು ಹೊರಗೆ ಹೇಳುವಂತಿಲ್ಲ. ಆದರೆ ಉಳಿದ ಸದಸ್ಯರನ್ನು ಹಿಡಿದಿಡುವುದು ಅವರು ಕೊಟ್ಟ ಮಾತು ಮಾತ್ರ. ಆದ್ದರಿಂದ ಮೊದಲ ಕೆಲವು ವಾರ ಕೆಲಸದ ಜಾಗದ ಹೆಸರು, ಮನೆಯವರ ಹೆಸರು ಹೇಳದಿದ್ದರೂ ನಡೆಯುತ್ತದೆ. ಆನ್‌ಲೈನ್ ಗುಂಪಾದರೆ ಇಯರ್‌ಫೋನ್ ಹಾಕಿಕೊಳ್ಳಿ, ಬಾಗಿಲು ಹಾಕಿ ಕೂರಿ, ಪರದೆಯ ಮೇಲೆ ಪೂರ್ತಿ ಹೆಸರು ಬೇಡ. ರೆಕಾರ್ಡಿಂಗ್ ಇಲ್ಲ ಎಂಬ ನಿಯಮವನ್ನು ಪ್ರತಿ ಸಭೆಯ ಆರಂಭದಲ್ಲಿ ಹೇಳುತ್ತಾರೆಯೇ ಗಮನಿಸಿ.

ಮೊದಲ ಸಭೆ ಮುಗಿಸಿ ಬಂದ ರಾತ್ರಿ ಮನಸ್ಸು ಇನ್ನೂ ಭಾರವಾಗಬಹುದು. ಅದೊಂದೇ ಕಾರಣಕ್ಕೆ ಬಿಡಬೇಡಿ. ಮೂರು ನಾಲ್ಕು ಸಭೆ ಕೂತು ನೋಡಿ. ಮಾತನಾಡಲೇಬೇಕೆಂದಿಲ್ಲ, ‘ಇವತ್ತು ಕೇಳುತ್ತೇನೆ’ ಅಂದರೆ ಸಾಕು. ಆದರೆ ಪ್ರತಿ ವಾರವೂ ಬಂದದ್ದಕ್ಕಿಂತ ಕುಗ್ಗಿ ಹೋಗುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ, ನಡೆಸುವವರಿಗೆ ಹೇಳಿ. ಹೇಳಿದಾಗ ಅವರು ನಿಮ್ಮ ಮೇಲೇ ತಪ್ಪು ಹೊರಿಸಿದರೆ ಆ ಗುಂಪು ಬೇಡ.

ಗುಂಪುಗಳು ಕೆಡುವುದು ಕೆಲವೇ ಗೊತ್ತಾದ ಕಾರಣಗಳಿಂದ. ಒಬ್ಬರೇ ಅರ್ಧ ಸಮಯ ಮಾತನಾಡುತ್ತಾರೆ, ನಡೆಸುವವರು ಸಂಕೋಚಪಟ್ಟು ತಡೆಯುವುದಿಲ್ಲ. ಉಳಿದವರು ಒಬ್ಬೊಬ್ಬರಾಗಿ ಬರುವುದು ಬಿಡುತ್ತಾರೆ. ಇನ್ನು ಕೆಲವೆಡೆ ಅದೇ ನೋವನ್ನು ವಾರ ವಾರ ಕೆದಕುತ್ತಾ, ಪರಿಹಾರದ ಕಡೆ ಒಂದು ಹೆಜ್ಜೆಯೂ ಇಡದೆ, ಎಲ್ಲರೂ ಒಟ್ಟಿಗೆ ಕೆಳಗಿಳಿಯುತ್ತಾರೆ. ಊಟ ತಿಂಡಿಯ ವಿಷಯದಲ್ಲಿ ಮಾನಸಿಕ ಕಾಯಿಲೆ (ಈಟಿಂಗ್ ಡಿಸಾರ್ಡರ್) ಇರುವವರ ಗುಂಪಿನಲ್ಲಿ ತೂಕ, ಕ್ಯಾಲರಿಗಳ ಅಂಕಿ ಬಂದರೆ ಅದು ಪೈಪೋಟಿಗೆ ತಿರುಗುತ್ತದೆ. ಅದಕ್ಕೇ ಒಳ್ಳೆಯ ಗುಂಪುಗಳಲ್ಲಿ ಅಂಕಿಗಳಿಗೆ ನಿಷೇಧ. ಸ್ವಯಂಹಾನಿಯ ವಿಧಾನಗಳ ವರ್ಣನೆಗೂ ಅಷ್ಟೇ. ದೌರ್ಜನ್ಯ, ಅಪಘಾತದಂಥ ಆಘಾತ ಅನುಭವಿಸಿದವರ ಗುಂಪಿನಲ್ಲಿ ಮೊದಲ ಹಂತದ ಕೆಲಸ ಸುರಕ್ಷತೆ, ನಿದ್ದೆ, ದಿನಚರಿ. ಘಟನೆಯನ್ನು ಎಳೆಎಳೆಯಾಗಿ ಹೇಳುವುದಲ್ಲ. ದುರಂತವಾದ ಕೂಡಲೇ ಎಲ್ಲರನ್ನೂ ಕೂರಿಸಿ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವ ಪದ್ಧತಿ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆಯನ್ನು (ಪಿಟಿಎಸ್‌ಡಿ) ತಡೆಯುವುದಿಲ್ಲ, ಕೆಲವರಿಗೆ ಹಾನಿಯನ್ನೂ ಮಾಡುತ್ತದೆ ಎಂಬುದು ಅಧ್ಯಯನಗಳಿಂದ ಗೊತ್ತಾಗಿದೆ.

ಎಲ್ಲಕ್ಕಿಂತ ಅಪಾಯ ಮಾತ್ರೆಯ ಸಲಹೆ. ‘ನಾನು ಬಿಟ್ಟೆ, ಏನೂ ಆಗಲಿಲ್ಲ’ ಎಂಬ ಒಂದು ಮಾತು ಬೈಪೋಲಾರ್ ಇರುವವರನ್ನು ಆಸ್ಪತ್ರೆಗೆ ತಳ್ಳಬಲ್ಲದು. ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಉನ್ಮಾದ ಮರಳುವ ಸಾಧ್ಯತೆ ಏರುತ್ತದೆ. ಮಾತ್ರೆ ತಿಂದಾಗ ಬಾಯಿ ಒಣಗಿತು, ತೂಕ ಏರಿತು ಎಂದು ಅನುಭವ ಹೇಳಿಕೊಳ್ಳಲಿ. ಪ್ರಮಾಣ ಬದಲಿಸುವ ಮಾತು ಬಂದ ತಕ್ಷಣ ನಡೆಸುವವರು ಅಡ್ಡ ಬರಬೇಕು. ಬರದಿದ್ದರೆ ನೀವೇ ಕೇಳಿ.

ಇನ್ನು ಗುಂಪು ಈಗ ಬೇಡ ಅನ್ನುವ ಸಂದರ್ಭಗಳೂ ಇವೆ. ಉನ್ಮಾದ ಏರಿರುವಾಗ, ಭ್ರಮೆಗಳು ತೀವ್ರವಾಗಿರುವಾಗ ಮೊದಲು ವೈದ್ಯರು, ಗುಂಪು ಆಮೇಲೆ. ಸಾಯುವ ಯೋಚನೆ ಯೋಜನೆಯಾಗಿ ಬೆಳೆದಿದ್ದರೆ ಮುಂದಿನ ವಾರದ ಸಭೆಗೆ ಕಾಯಬಾರದು. ಅಂದೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು, ಒಬ್ಬರೇ ಇರಬಾರದು.

ಬಿಡುವುದಕ್ಕೂ ಒಂದು ಕ್ರಮವಿದೆ. ಬೆಂಬಲ ಗುಂಪಿನಿಂದ ಯಾವಾಗ ಬೇಕಾದರೂ ಹೊರಡಬಹುದು. ಚಿಕಿತ್ಸೆಯ ಗುಂಪನ್ನು ಮಾತ್ರ ಮೆಸೇಜ್ ಹಾಕಿ ಬಿಡಬೇಡಿ. ಎರಡು ಮೂರು ಸಭೆ ಮೊದಲೇ ‘ನಾನು ನಿಲ್ಲಿಸಬೇಕೆಂದಿದ್ದೇನೆ’ ಎಂದು ಗುಂಪಿನಲ್ಲೇ ಹೇಳಿ. ಹಾಗೆ ಹೇಳಿದ ಮೇಲೆ ನಡೆಯುವ ಮಾತುಕತೆಯಲ್ಲಿ, ಸಿಟ್ಟೂ ಬೇಸರವೂ ಸೇರಿ, ಅಲ್ಲಿಯವರೆಗೆ ಹೊರಬಾರದಿದ್ದ ಎಷ್ಟೋ ಸಂಗತಿ ಹೊರಬರುತ್ತದೆ. ಕೆಲವರು ಅದನ್ನು ಕೇಳಿ ಇನ್ನೂ ಕೆಲವು ತಿಂಗಳು ಉಳಿಯಲು ತೀರ್ಮಾನಿಸುತ್ತಾರೆ.