ಮಂಗಳೂರಿಂದ ಹುಬ್ಬಳ್ಳಿಗೆ 50 ನಿಮಿಷ ಅಂತೆ, ಆ ವಿಮಾನ ಎಲ್ಲಿದೆ?

ಎರಡು ಊರಿನ ಹೆಸರು ಹಾಕಿದರೆ ವಿಮಾನದ ದೂರ, ಸಮಯ ಎಲ್ಲ ಹೇಳುವ ವೆಬ್‌ಸೈಟುಗಳಿವೆಯಲ್ಲ, ಅವುಗಳ ಮೇಲೆ ನನಗೆ ಹೇಳಲಾರದಷ್ಟು ಸಿಟ್ಟು ಬಂದಿದೆ. ಮಂಗಳೂರು, ಹುಬ್ಬಳ್ಳಿ ಅಂತ ಹಾಕಿದೆ. ಸುಮಾರು 270 ಕಿಲೋಮೀಟರ್, 50 ನಿಮಿಷ ಅಂತ ಬಂತು. ಟಿಕೆಟ್ ಹುಡುಕಿದರೆ ನಾನು ಹೊರಡಬೇಕಾದ ದಿನ ನೇರ ವಿಮಾನವೇ ಇಲ್ಲ!

ಅವ್ವನನ್ನು ಆಸ್ಪತ್ರೆಗೆ ಸೇರಿಸಿದ್ದರು. ಅಣ್ಣ ಫೋನ್ ಮೇಲೆ ಫೋನ್. “ಇಲ್ಲಿ ಒಂದು ತಾಸೂ ಇಲ್ಲ ಅಂತ ತೋರಸಾಕತ್ತೈತಿ, ನೀ ಯಾಕ ಇನ್ನೂ ಹೊಂಟಿಲ್ಲ?” ಏನು ಹೇಳಲಿ? ಅವನ ಕಣ್ಣಿಗೆ ನಾನೇ ಬರಲು ಮನಸ್ಸಿಲ್ಲದವನಾದೆ. ಈ ನೋವು ಯಾರಿಗೆ ಅರ್ಥ ಆಗಬೇಕು?

ಇಂಥ ಲೆಕ್ಕ ಹೇಗೆ ಹಾಕುತ್ತಾರೆ ಗೊತ್ತಾ? ಎರಡು ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಿಡಿದು ನೇರ ದೂರ ತೆಗೆಯುತ್ತಾರೆ. ಗಂಟೆಗೆ 800 ಕಿಲೋಮೀಟರ್ ವೇಗ ಅಂತ ಭಾಗಿಸುತ್ತಾರೆ. ಏರುವುದಕ್ಕೆ, ಇಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸುತ್ತಾರೆ. ಆಯಿತು, 50 ನಿಮಿಷ! ಇಂಥ ಸಣ್ಣ ಮಾರ್ಗದಲ್ಲಿ ಸಾಮಾನ್ಯವಾಗಿ ಹಾರುವುದು ರೆಕ್ಕೆಯ ಮೇಲೆ ಫ್ಯಾನ್ ತಿರುಗುವ ಎಟಿಆರ್. ಅದರ ವೇಗ ಗಂಟೆಗೆ 500 ಕಿಲೋಮೀಟರ್ ಆಸುಪಾಸು. ಅದೂ ಹೋಗಲಿ, ಆ ಮಾರ್ಗದಲ್ಲಿ ವಿಮಾನ ಇದೆಯಾ ಅಂತಲಾದರೂ ನೋಡಬೇಡವಾ?

ನನಗೆ ಸಿಕ್ಕಿದ್ದು ಬೆಂಗಳೂರಿನ ಮೇಲಿಂದ ಹೋಗುವ ದಾರಿ. ಮಂಗಳೂರಿಂದ ಬೆಂಗಳೂರು ಆಕಾಶದಲ್ಲೇ 300 ಕಿಲೋಮೀಟರ್ ದಾಟುತ್ತದೆ. ಅಲ್ಲಿಂದ ಹುಬ್ಬಳ್ಳಿ ಮತ್ತೆ 370. ಉತ್ತರಕ್ಕೆ ಹೋಗಬೇಕಾದವನು ಪೂರ್ವಕ್ಕೆ ಹೋಗಿ ವಾಪಸ್ ಬರಬೇಕು. ಬಜ್ಪೆಗೆ ಮೊದಲೇ ಹೋಗಿ ಕಾಯಬೇಕು, ದೇವನಹಳ್ಳಿಯಲ್ಲಿ ಮುಂದಿನ ವಿಮಾನಕ್ಕೆ ಗಂಟೆಗಟ್ಟಲೆ ಕೂರಬೇಕು. ಎಲ್ಲ ಕೂಡಿಸಿದರೆ ಅರಬೈಲು ಘಾಟಿ ಹತ್ತಿ ಯಲ್ಲಾಪುರದ ಮೇಲೆ ಹೋಗುವ ಬಸ್ಸಿನಷ್ಟೇ ಹೊತ್ತು. ದುಡ್ಡು ಮಾತ್ರ ಎಷ್ಟೋ ಪಟ್ಟು ಜಾಸ್ತಿ. ಕೊನೆಗೆ ಬಸ್ಸಿಗೇ ಹೋದೆ. ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ.

ರೈಲಾದರೂ ಹತ್ತಿರವಾ? ಸಕಲೇಶಪುರ, ಹಾಸನ, ಅರಸೀಕೆರೆ ಸುತ್ತಿಕೊಂಡು ಹೋಗಬೇಕು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಮಾತು 1990ರ ದಶಕದಿಂದ ಕೇಳುತ್ತಲೇ ಇದ್ದೇವೆ.

ಸಣ್ಣ ಊರುಗಳನ್ನು ಒಂದಕ್ಕೊಂದು ಜೋಡಿಸುತ್ತೇವೆ ಅಂತ 2016ರಲ್ಲಿ ಉಡಾನ್ ಯೋಜನೆ ತಂದರು. ನಮ್ಮ ರಾಜ್ಯದಲ್ಲಿ ಕಲಬುರಗಿ, ಬೀದರ್, ಶಿವಮೊಗ್ಗದಲ್ಲೂ ನಿಲ್ದಾಣಗಳಾದವು. ಒಳ್ಳೆಯದೇ. ಆದರೆ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹಾರಬೇಕಾದರೆ ಬೆಂಗಳೂರಿಗೇ ಯಾಕೆ ಹೋಗಬೇಕು? ಓದುವ ಮಕ್ಕಳು, ರೋಗಿಗಳು, ವ್ಯಾಪಾರದವರು ಎಷ್ಟು ಜನ ಕರಾವಳಿಗೂ ಉತ್ತರ ಕರ್ನಾಟಕಕ್ಕೂ ಓಡಾಡುತ್ತಾರೆ! ವಾರಕ್ಕೆ ಎರಡು ದಿನವಾದರೂ ನೇರ ವಿಮಾನ ಬಿಡಿ. ಅಲ್ಲಿಯವರೆಗೆ ಆ ವೆಬ್‌ಸೈಟಿನವರು 50 ನಿಮಿಷದ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ‘ನೇರ ವಿಮಾನ ಇಲ್ಲ’ ಅಂತ ಬರೆಯಲಿ.