‘500 ಹಾಕಿ, 5,000 ತೆಗೆಯಿರಿ’: ಸತ್ಯಾಂಶ ಏನು?

‘ಅಮೆಜಾನ್ ಅಫಿಲಿಯೇಟ್ ಲಿಂಕಿಗೆ 500 ರೂಪಾಯಿ ಜಾಹೀರಾತು ಕೊಡಿ, ದಿನಕ್ಕೆ 5,000 ಗ್ಯಾರಂಟಿ’ ಎಂಬಂಥ ಮೆಸೇಜು ನಿಮಗೂ ಬಂದಿರಬಹುದು. ಆ ಗ್ಯಾರಂಟಿಯೇ ಸುಳ್ಳು.

ಅಫಿಲಿಯೇಟ್ ಲಿಂಕ್ ಅಂದರೆ ನೀವು ಹಂಚುವ, ನಿಮ್ಮ ಗುರುತಿರುವ ಅಮೆಜಾನ್ ಲಿಂಕ್. ಅದರ ಮೂಲಕ ಜನ ಕೊಂಡರೆ ಮಾತ್ರ ನಿಮಗೆ ಕಮಿಷನ್. ಜಾಹೀರಾತಿಗಾದರೆ, ಕೊಳ್ಳದೆ ಸುಮ್ನೆ ಒತ್ತಿ ಹೋದವರ ಲೆಕ್ಕದಲ್ಲೂ ದುಡ್ಡು ಕಟ್ಟಬೇಕು. ಒಂದು ಕ್ಲಿಕ್ಕಿಗೆ 5 ರೂಪಾಯಿ ಅಂದುಕೊಳ್ಳಿ. 500ಕ್ಕೆ 100 ಕ್ಲಿಕ್. ಇಬ್ಬರು ತಲಾ 1,000 ರೂಪಾಯಿಯ ಕುಕ್ಕರ್ ಕೊಂಡರು, ಕಮಿಷನ್ ಶೇ 5. ಬಂದಿದ್ದು 100, ಹೋಗಿದ್ದು 500; ನಷ್ಟ 400. ಕುಕ್ಕರ್ ವಾಪಸ್ ಹೋದರೆ ಆ ಕಮಿಷನ್ನೂ ಇಲ್ಲ!

ಮೆಸೇಜು ಹೇಳದ ಇನ್ನೊಂದು ವಿಷಯವಿದೆ. ಗೂಗಲ್ ಸರ್ಚ್‌ನಲ್ಲಿ ಜಾಹೀರಾತು ಕೊಂಡು ಜನರನ್ನು ನೇರ ಅಮೆಜಾನ್‌ಗೆ ಕಳಿಸುವುದನ್ನು ಅಮೆಜಾನ್ ನಿಯಮವೇ ಒಪ್ಪುವುದಿಲ್ಲ. ಅದಕ್ಕಾಗಿ ಅಮೆಜಾನ್ ನಿಮ್ಮ ಖಾತೆ ಮುಚ್ಚಿದರೆ ಬರಬೇಕಾದ ಕಮಿಷನ್ನೂ ಕೈತಪ್ಪಬಹುದು.