ಬ್ಲಾಸ್ಟ್ ಬರೆದಿದ್ದು ಮಾರ್ಗರೆಟ್ ಡೇಹಾಫ್ ಅಲ್ಲ

ಪ್ರೋಟೀನ್ ಅಧ್ಯಯನಕ್ಕೆ ಕಂಪ್ಯೂಟರ್ ಬಳಸಿದ ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಡೇಹಾಫ್ ಬಗ್ಗೆ ಒಂದು ಫಾರ್ವರ್ಡ್ ಓಡಾಡ್ತಿದೆ, ಒಂದು ಪ್ರೋಟೀನ್ ಅಥವಾ ಡಿಎನ್‌ಎಗೆ ಹೋಲೋದನ್ನ ಡೇಟಾಬೇಸಲ್ಲಿ ಹುಡುಕೋ ಬ್ಲಾಸ್ಟ್ ಸಾಫ್ಟ್‌ವೇರ್ ಬರೆದಿದ್ದು ಅವರೇ ಅಂತ. ಅದು ತಪ್ಪು. ಬ್ಲಾಸ್ಟ್ ಬಂದಿದ್ದು 1990ರಲ್ಲಿ, ಆಲ್ಟ್‌ಶುಲ್, ಗಿಶ್, ಮಿಲ್ಲರ್, ಮೈಯರ್ಸ್, ಲಿಪ್‌ಮನ್ ಅನ್ನೋ ಐದು ಜನರ ಕೆಲಸ. ಡೇಹಾಫ್ ತೀರಿಕೊಂಡಿದ್ದು 1983ರಲ್ಲೇ.

ಹಾಗಂತ ಅವರಿಗೂ ಅದಕ್ಕೂ ಸಂಬಂಧಾನೇ ಇಲ್ಲ ಅಂತಲ್ಲ. 1978ರಲ್ಲಿ ಅವರ ಟೀಮು 71 ಗುಂಪಿನ ಪ್ರೋಟೀನ್‌ಗಳಲ್ಲಿ 1,572 ಬದಲಾವಣೆ ಎಣಿಸಿ, ಯಾವ ಅಮೈನೋ ಆಸಿಡ್ (ಪ್ರೋಟೀನ್ ಅನ್ನೋ ಸರದ ಒಂದೊಂದು ಮಣಿ) ಜಾಗಕ್ಕೆ ಯಾವುದು ಎಷ್ಟು ಸುಲಭವಾಗಿ ಬರತ್ತೆ ಅಂತ ಪ್ಯಾಮ್ ಟೇಬಲ್ ಮಾಡಿತ್ತು, ಎರಡು ಪ್ರೋಟೀನ್ ಹೋಲಿಸಿ ಮಾರ್ಕ್ಸ್ ಹಾಕೋಕೆ ಬ್ಲಾಸ್ಟ್ ಶುರುವಿನಲ್ಲಿ ಬಳಸಿದ್ದು ಇದೇ ಟೇಬಲ್ಲು.

ಇನ್ನೊಂದು, ಅವರು ಲ್ಯಾಬಲ್ಲಿ ಕೂತು ಪ್ರೋಟೀನ್‌ಗಳ ಸೀಕ್ವೆನ್ಸ್, ಅಂದ್ರೆ ಅಮೈನೋ ಆಸಿಡ್‌ಗಳ ಸಾಲು, ಪತ್ತೆ ಮಾಡಿದವರು ಅಂತಾನೂ ಬರೀತಾರೆ. ಇಲ್ಲ, ಕೊಲಂಬಿಯಾದಲ್ಲಿ ಅವರ ಪಿಎಚ್‌ಡಿ ಕ್ವಾಂಟಮ್ ಕೆಮಿಸ್ಟ್ರಿಲಿ, ಅದೂ ಪಂಚ್ ಕಾರ್ಡ್ ಮಷೀನಲ್ಲಿ ಲೆಕ್ಕ ಮಾಡಿ. ಬೇರೆಯವರು ಪತ್ತೆ ಮಾಡಿದ ಸೀಕ್ವೆನ್ಸ್‌ಗಳನ್ನ ಒಟ್ಟು ಹಾಕಿ 1965ರಲ್ಲಿ 65 ಪ್ರೋಟೀನ್‌ಗಳ ಅಟ್ಲಾಸ್ ಪುಸ್ತಕ ತಂದ್ರು, ಆಮೇಲಿನ ಪ್ರೋಟೀನ್ ಡೇಟಾಬೇಸ್‌ಗಳಿಗೆ ಅದು ತಾಯಿಬೇರು.

ನನಗೆ ತುಂಬಾ ಇಷ್ಟವಾದದ್ದು ಒಂದಕ್ಷರದ ಕೋಡ್. ಅಮೈನೋ ಆಸಿಡ್‌ಗೆ ಮೂರಕ್ಷರ ಬರೆದ್ರೆ ಕಂಪ್ಯೂಟರಿನಲ್ಲಿ ಜಾಗ ಹಾಳು ಅಂತ ಒಂದೇ ಅಕ್ಷರ ಕೊಟ್ರು. ಫಿನೈಲ್‌ಅಲನೀನ್ ಬಾಯಲ್ಲಿ ಹೇಳಿದ್ರೆ 'ಫ' ಕೇಳ್ಸತ್ತಲ್ಲ, ಅದಕ್ಕೇ ಎಫ್. ಇವತ್ತಿಗೂ ಪ್ರೋಟೀನ್ ಡೇಟಾಬೇಸ್ ತೆಗೆದ್ರೆ ಕಾಣೋದು ಅದೇ ಅಕ್ಷರಗಳು. ದಯವಿಟ್ಟು ಶೇರ್ ಮಾಡೋರು ಬ್ಲಾಸ್ಟ್ ಬಿಟ್ಟು ಇದನ್ನ ಬರೀರಿ.